ಇಬ್ಬರೂ ಕೆಲಸಕ್ಕೆ ಹೋಗುವ ಫ್ಲ್ಯಾಟಿಗೆ ಎಂಥ ನಾಯಿ?

ಪ್ರಶ್ನೆ: ಬೆಂಗಳೂರಿನ ಮಾರತ್‌ಹಳ್ಳಿ ಬಳಿ, ಒಂಬತ್ತನೆಯ ಮಹಡಿಯ ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ನಾವು ಗಂಡ ಹೆಂಡತಿ ಇಬ್ಬರೇ ಇದ್ದೇವೆ. ಇಬ್ಬರದೂ ಸಾಫ್ಟ್‌ವೇರ್ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಮನೆ ಸೇರುವುದು ಸಂಜೆ ಏಳಕ್ಕೆ. ವಾರಕ್ಕೆರಡು ದಿನ ಮಾತ್ರ ಯಾರಾದರೊಬ್ಬರು ಮನೆಯಿಂದಲೇ ಕೆಲಸ ಮಾಡುತ್ತೇವೆ. ನಾಯಿ ಸಾಕಬೇಕೆಂಬುದು ಬಹುದಿನದ ಆಸೆ. ನನಗೆ ಬೀಗಲ್ ಇಷ್ಟ, ಹೆಂಡತಿಗೆ ಹಸ್ಕಿ. ‘ಲ್ಯಾಬ್ರಡಾರ್ ತನ್ನಿ, ಸಾಧು ಪ್ರಾಣಿ’ ಎನ್ನುತ್ತಾರೆ ಸ್ನೇಹಿತರು. ಎರಡು ತಿಂಗಳ ಮರಿಯನ್ನೇ ತಂದರೆ ನಮ್ಮ ದಿನಚರಿಗೆ ಹೊಂದಿಕೊಂಡು ಬೆಳೆಯುತ್ತದೆ ಎಂದುಕೊಂಡಿದ್ದೇವೆ. ಯಾವ ತಳಿ ಸೂಕ್ತ?

ಉತ್ತರ: ಮೊದಲು ಮರಿಯ ಯೋಚನೆಯನ್ನು ಬಿಡಿ. ಮೂರರಿಂದ ಆರು ವರ್ಷದೊಳಗಿನ, ಸ್ವಭಾವ ಎಂಥದ್ದೆಂದು ಆಗಲೇ ಗೊತ್ತಾಗಿರುವ ನಾಯಿಯೊಂದನ್ನು ದತ್ತು ತೆಗೆದುಕೊಳ್ಳಿ. ತಳಿಯ ಪ್ರಶ್ನೆ ಆಮೇಲಿನದು. ಹಾಗೆ ನೋಡಿದರೆ, ನಿಮ್ಮ ಮನೆಯ ಮಟ್ಟಿಗೆ ಅದು ಅಷ್ಟು ದೊಡ್ಡ ಪ್ರಶ್ನೆಯೂ ಅಲ್ಲ.

ಕಾರಣ ಹೇಳುತ್ತೇನೆ. ಎರಡು ತಿಂಗಳ ಮರಿ ಹಗಲಿನಲ್ಲಿ ಹೆಚ್ಚೆಂದರೆ ಎರಡು ಮೂರು ಗಂಟೆ ಮೂತ್ರ ತಡೆದುಕೊಳ್ಳಬಲ್ಲದು. ಅದಕ್ಕೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು. ಮನುಷ್ಯರು, ಮಕ್ಕಳು, ಲಿಫ್ಟು, ಕುಕ್ಕರಿನ ಸೀಟಿ, ಮಳೆ, ಸ್ಕೂಟರು ಯಾವುವೂ ಹೆದರಬೇಕಾದ ಸಂಗತಿಗಳಲ್ಲ ಎಂದು ನಾಯಿ ಕಲಿಯುವುದು ಸುಮಾರಾಗಿ ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದೊಳಗೆ. ಕಲಿಕೆಯ ಆ ಕಿಟಕಿ ಒಮ್ಮೆ ಮುಚ್ಚಿದರೆ ಮತ್ತೆ ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ನೀವು ಮರಿ ತಂದರೆ ಸರಿಯಾಗಿ ಅದೇ ವಾರಗಳಲ್ಲಿ ಅದು ವಾರಕ್ಕೆ ಮೂರು ದಿನ ಹತ್ತು ಹತ್ತು ಗಂಟೆ ಒಂಟಿಯಾಗಿರುತ್ತದೆ. ಅದು ನಿಮ್ಮ ದಿನಚರಿಗೆ ಹೊಂದಿಕೊಳ್ಳುವುದಿಲ್ಲ; ಮುಚ್ಚಿದ ಬಾಗಿಲಿಗೆ ಹೆದರುವುದನ್ನು ಕಲಿಯುತ್ತದೆ. ವರ್ಷ ತುಂಬಿದ ಮೇಲೆ ಆ ಹೆದರಿಕೆಯನ್ನೇ ಜನ ‘ತುಂಟತನ’ ಎಂದು ಕರೆದು ಪಶುವೈದ್ಯರಾದ ನಮ್ಮ ಬಳಿ ಕರೆತರುತ್ತಾರೆ.

ಬೀಗಲ್ ವಿಷಯದಲ್ಲಿ ಇದನ್ನು ತೀರ ಹತ್ತಿರದಿಂದ ಕಂಡಿದ್ದೇನೆ. ನಿಮ್ಮಂತೆಯೇ ಇಬ್ಬರೂ ಕೆಲಸಕ್ಕೆ ಹೋಗುವ ದಂಪತಿ ತಮ್ಮ ಬೀಗಲನ್ನು ಕ್ಲಿನಿಕ್ಕಿಗೆ ತಂದಿದ್ದರು. ಮೇಜಿನ ಮೇಲೆ ನಿಲ್ಲಿಸಿ ಬಾಯಿ ತೆರೆದು ನೋಡಿದರೆ ಕೆಳಗಿನ ಒಸಡಿನಲ್ಲಿ ಬಾಗಿಲ ಚೌಕಟ್ಟಿನ ಬಿಳಿ ಬಣ್ಣದ ಚೂರುಗಳು ಸಿಕ್ಕಿಕೊಂಡಿದ್ದವು. ಒಂದು ಕೋರೆಹಲ್ಲಿನ ತುದಿ ಮುರಿದಿತ್ತು. ಮುಂಗಾಲಿನ ಉಗುರುಗಳು ರಕ್ತ ಜಿನುಗುವಷ್ಟು ಸವೆದಿದ್ದವು. ಪಕ್ಕದ ಮನೆಯವರು ಮೊಬೈಲಿನಲ್ಲಿ ಹಿಡಿದಿದ್ದ ಧ್ವನಿಯನ್ನು ದಂಪತಿ ಕೇಳಿಸಿದರು. ಅದು ಬೊಗಳುವಿಕೆಯಾಗಿರಲಿಲ್ಲ, ನಿಲ್ಲಿಸದ ಊಳು. ನಾಯಿಯಲ್ಲಿ ದೋಷವೇನೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆಂದು, ಹಿಂಡಿನಲ್ಲಿ ಓಡುತ್ತಾ ದೂರದಲ್ಲಿರುವ ಬೇಟೆಗಾರನಿಗೆ ಕೂಗಿ ತಿಳಿಸಲೆಂದು ಬೆಳೆಸಿದ ತಳಿ ಅದು. ಒಂಟಿಯಾಗಿದ್ದಾಗ ಗಟ್ಟಿಯಾಗಿ ಕೂಗುವುದು ಅದರ ರಕ್ತದಲ್ಲೇ ಇದೆ. ಹತ್ತು ಹದಿನೈದು ಕಿಲೋ ತೂಗುವ ಮುದ್ದು ಮುಖದ ಪ್ರಾಣಿಯಾದ್ದರಿಂದ ಫ್ಲ್ಯಾಟಿಗೆ ಸರಿ ಎಂದು ಭಾವಿಸುವವರು ಆ ಮೂಗನ್ನೂ ಗಂಟಲನ್ನೂ ಮರೆಯುತ್ತಾರೆ.

ಹಸ್ಕಿ ಬೇಡವೇ ಬೇಡ. ಈಶಾನ್ಯ ಸೈಬೀರಿಯಾದ ಚುಕ್ಚಿ ಜನ ಹಿಮದಲ್ಲಿ ಬಹುದೂರ ಜಾರುಬಂಡಿ ಎಳೆಯಲು ಬೆಳೆಸಿದ, ಎರಡು ಪದರ ತುಪ್ಪಳದ ನಾಯಿಯನ್ನು ಏಪ್ರಿಲಿನ ಬೆಂಗಳೂರಿನಲ್ಲಿ ಹವಾನಿಯಂತ್ರಕದ ಕೆಳಗೆ ಬದುಕಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ನಿಮ್ಮ ಹೆಂಡತಿಗೆ ಬೇಸರವಾಗಬಹುದು. ಆ ನಾಯಿಯ ಸೌಂದರ್ಯವನ್ನು ನಾನೂ ಮೆಚ್ಚುತ್ತೇನೆ, ಅದಕ್ಕೇ ಈ ಮಾತು ಹೇಳುತ್ತಿದ್ದೇನೆ.

ಲ್ಯಾಬ್ರಡಾರ್ ಸಾಧು ಎಂಬ ಮಾತು ಸುಳ್ಳಲ್ಲ. ಆದರೆ ಆ ಸಾಧುತನ ಬರುವುದು ಎರಡು ಮೂರು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಸೋಫಾ, ಚಪ್ಪಲಿ, ಚಾರ್ಜರ್ ವೈರು ಯಾವುದೂ ಅದರ ಬಾಯಿಂದ ಉಳಿಯುವುದಿಲ್ಲ. ಊಟದ ಆಸೆಯೂ ವಿಪರೀತ, ನಡಿಗೆ ಕಡಿಮೆಯಾದರೆ ಬಹುಬೇಗ ಬೊಜ್ಜು, ಬೊಜ್ಜಿನ ಹಿಂದೆಯೇ ಕೀಲುನೋವು. ಯಾರೋ ವಿದೇಶಕ್ಕೆ ಹೊರಟು ಬಿಟ್ಟುಕೊಡುತ್ತಿರುವ ಐದು ವರ್ಷದ ಲ್ಯಾಬ್ ಸಿಕ್ಕಿದರೆ ನೀವು ಧಾರಾಳವಾಗಿ ಒಪ್ಪಿಕೊಳ್ಳಬಹುದು. ಬೆಂಗಳೂರಿನಲ್ಲಿ ಅಂಥ ನಾಯಿಗಳಿಗೆ ಕೊರತೆಯಿಲ್ಲ.

ಚಿಕ್ಕ ತಳಿಗಳ ಬಗ್ಗೆಯೂ ಒಂದು ಮಾತು. 2003ರಲ್ಲಿ ಬಂದ ಮೊಬೈಲ್ ಕಂಪನಿಯೊಂದರ ಜಾಹೀರಾತಿನಿಂದ ಪಗ್ ನಮ್ಮಲ್ಲಿ ಮನೆಮಾತಾಯಿತು. ನಾಯಿ ಮೈತುಂಬ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಪಗ್, ಶಿಹ್ ತ್ಸುಗಳಂಥ ಮೋಟುಮೂಗಿನ ನಾಯಿಗಳಿಗೆ ಅದೇ ಕಷ್ಟ. ಬೇಸಿಗೆಯ ಮಧ್ಯಾಹ್ನ ಕಿಟಕಿ ಮುಚ್ಚಿದ ಮನೆಯಲ್ಲಿ ಕರೆಂಟು ಹೋಗಿ ಫ್ಯಾನ್ ನಿಂತಿತೆನ್ನಿ, ಗಮನಿಸುವವರು ಯಾರೂ ಇಲ್ಲದಿದ್ದರೆ ಅವುಗಳ ಜೀವಕ್ಕೇ ಅಪಾಯ. ಶಿಹ್ ತ್ಸುವಿನ ಕೂದಲನ್ನು ಉದ್ದ ಬಿಟ್ಟರಂತೂ ದಿನವೂ ಬಾಚಬೇಕು. ಇನ್ನು ನಮ್ಮ ಮುಧೋಳ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಕನ್ನಡಿಗರೆಲ್ಲ ಹೆಮ್ಮೆಪಡುವ ಬೇಟೆನಾಯಿ. ಮನೆಯೊಳಗೆ ಅದು ಅಚ್ಚರಿಯಷ್ಟು ಶಾಂತ. ಆದರೆ ಓಡಲು ಬೇಲಿ ಹಾಕಿದ ಬಯಲು ಬೇಕು, ಅಪರಿಚಿತರನ್ನು ಸುಲಭಕ್ಕೆ ಹತ್ತಿರ ಸೇರಿಸುವುದಿಲ್ಲ. ಜನ ತುಂಬಿದ ಲಿಫ್ಟಿನಲ್ಲಿ ದಿನಕ್ಕೆ ನಾಲ್ಕು ಸಲ ಓಡಾಡುವ ಬದುಕು ಅದಕ್ಕೆ ಹಿತವಲ್ಲ.

ನನ್ನ ಸಲಹೆ ಕೇಳಿದರೆ, ನಿಮಗೆ ಒಪ್ಪುವುದು ಯಾವುದಾದರೂ ರಕ್ಷಣಾಕೇಂದ್ರದಲ್ಲಿ ಬೆಳೆದು ದೊಡ್ಡದಾದ ನಾಡನಾಯಿ. ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಕಿಲೋ ಮೀರದ ಮೈಕಟ್ಟು, ನಮ್ಮ ಬಿಸಿಲಿಗೆ ಒಗ್ಗಿದ ಮೋಟು ಕೂದಲು, ಒಂದೇ ಲಕ್ಷಣಕ್ಕಾಗಿ ತಳಿಯೊಳಗೇ ಕೂಡಿಸಿದ್ದರಿಂದ ಬರುವ ಕಾಯಿಲೆಗಳ ಕಾಟ ಕಡಿಮೆ. ಬಾಗಿಲ ಬಳಿ ಸಪ್ಪಳವಾದರೆ ಬೊಗಳುತ್ತದೆ, ಅದು ನಿಜ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಪ್ರಾಣಿದಯಾ ಸಂಸ್ಥೆ ಕ್ಯೂಪಾ ಸೇರಿದಂತೆ ದತ್ತು ಕೊಡುವ ಸಂಸ್ಥೆಗಳು ಹಲವು ಇವೆ.

ಅಲ್ಲಿಗೆ ಹೋದಾಗ ಹೇಗೆ ನೋಡಬೇಕೆಂಬುದು ಮುಖ್ಯ. ಗೇಟು ತೆರೆದ ಕೂಡಲೇ ಓಡಿಬಂದು ಮೈಮೇಲೆ ಹಾರುವ ನಾಯಿ ಎಲ್ಲರ ಮನಸ್ಸನ್ನೂ ಗೆಲ್ಲುತ್ತದೆ. ನೀವು ಅದನ್ನು ಬಿಟ್ಟು, ಎರಡು ಹೆಜ್ಜೆ ದೂರ ನಿಂತು, ಗಾಳಿಯಲ್ಲಿ ನಿಮ್ಮ ವಾಸನೆ ಹಿಡಿದು, ಆಮೇಲೆ ಹತ್ತಿರ ಬರುವ ನಾಯಿಯನ್ನು ಗಮನಿಸಿ. ಅದಕ್ಕೆ ಪಟ್ಟಿ ಕಟ್ಟಿ ರಸ್ತೆಯವರೆಗೆ ನಡೆಸಿ. ಪಕ್ಕದಲ್ಲಿ ಸ್ಕೂಟರೊಂದು ಹಾರನ್ ಹೊಡೆದು ಹೋದಾಗ ಬೆಚ್ಚಿಬೀಳಬಹುದು, ತಪ್ಪಿಲ್ಲ. ಎಷ್ಟು ಬೇಗ ಮೈ ಕೊಡವಿಕೊಂಡು ಮತ್ತೆ ನೆಲ ಮೂಸಲು ತೊಡಗುತ್ತದೆ ಎಂದು ನೋಡಿ. ಒಂದೆರಡು ನಿಮಿಷದೊಳಗೆ ಬಾಲ ಸಡಿಲವಾದರೆ ಒಂಬತ್ತನೆಯ ಮಹಡಿಯ ಬದುಕನ್ನು ಅದು ನಿಭಾಯಿಸಬಲ್ಲದು. ದಿನವೂ ಊಟ ಹಾಕುವ ಕೆಲಸಗಾರರನ್ನು ಕೇಳಿ: ಒಂಟಿಯಾಗಿ ಕೋಣೆಯಲ್ಲಿ ಬಿಟ್ಟರೆ ಏನು ಮಾಡುತ್ತದೆ? ಅವರ ಉತ್ತರ ಯಾವ ತಳಿಪತ್ರಕ್ಕಿಂತಲೂ ಬೆಲೆಬಾಳುತ್ತದೆ. ಸಾಧ್ಯವಾದರೆ ದತ್ತಿಗೆ ಮುಂಚೆ ಎರಡು ವಾರ ತಾತ್ಕಾಲಿಕವಾಗಿ ಮನೆಯಲ್ಲಿ ಇಟ್ಟುಕೊಳ್ಳಿ. ಬಹಳ ಸಂಸ್ಥೆಗಳು ಇದಕ್ಕೆ ಒಪ್ಪುತ್ತವೆ.

ನಾಯಿ ಎಷ್ಟೇ ಒಳ್ಳೆಯದಿರಲಿ, ಹತ್ತು ಗಂಟೆ ದೀರ್ಘವೇ. ಬೆಳೆದ ನಾಯಿ ದಿನದಲ್ಲಿ ಅರ್ಧಕ್ಕೂ ಹೆಚ್ಚು ಹೊತ್ತು ಮಲಗಿರುತ್ತದೆಯಾದರೂ ಮೂತ್ರವನ್ನು ಆರು, ಬಹಳವೆಂದರೆ ಎಂಟು ಗಂಟೆಗಿಂತ ಹೆಚ್ಚು ತಡೆಸಬಾರದು. ಆದ್ದರಿಂದ ನೀವಿಬ್ಬರೂ ಇಲ್ಲದ ದಿನಗಳಲ್ಲಿ ಮಧ್ಯಾಹ್ನ ಒಬ್ಬರು ಬಂದು ಅದನ್ನು ಕೆಳಗೆ ಕರೆದೊಯ್ಯಲೇಬೇಕು. ಸಂಬಳ ಕೊಟ್ಟು ನಡೆಸುವವರಿರಲಿ, ಕೆಳಮಹಡಿಯ ನಿವೃತ್ತ ಮೇಷ್ಟ್ರಿರಲಿ, ನಾಯಿ ಬರುವ ಮುಂಚೆಯೇ ಆ ವ್ಯಕ್ತಿ ಗೊತ್ತಾಗಿರಬೇಕು. ಇದಕ್ಕೆ ದಾರಿಯಿಲ್ಲವೆಂದಾದರೆ ಈಗ ನಾಯಿ ತರಬೇಡಿ. ಕೆಲಸದ ವೇಳೆ ಬದಲಾದ ಮೇಲೆ ತನ್ನಿ.

ಬೆಳಿಗ್ಗೆ ಮುಕ್ಕಾಲು ಗಂಟೆಯಾದರೂ ನಡೆಸಿ. ನಡೆಸುವುದೆಂದರೆ ಎಳೆದುಕೊಂಡು ಓಡುವುದಲ್ಲ. ಕಂಬ, ಪೊದೆ, ಕಾರಿನ ಚಕ್ರ ಎಲ್ಲವನ್ನೂ ಮೂಸಲು ಬಿಡಿ, ಮೂಸುವುದರಿಂದಲೂ ಅದಕ್ಕೆ ಚೆನ್ನಾಗಿ ದಣಿವಾಗುತ್ತದೆ. ಹೊರಡುವಾಗ ರಬ್ಬರಿನ ಟೊಳ್ಳು ಆಟಿಕೆಯೊಂದರಲ್ಲಿ ಮೊಸರನ್ನ ತುಂಬಿ, ಫ್ರೀಜರಿನಲ್ಲಿ ಗಟ್ಟಿಯಾಗಿಸಿ ಕೊಡಿ. ಅದರಲ್ಲಿ ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಬೀಳದಿರಲಿ; ಅವು ನಾಯಿಗೆ ವಿಷ. ಮೊದಲ ವಾರ ಒಬ್ಬರು ರಜೆ ಹಾಕಿ ಒಂಟಿತನದ ಅಭ್ಯಾಸ ಮಾಡಿಸಿ: ಬಾಗಿಲು ಹಾಕಿಕೊಂಡು ಒಂದು ನಿಮಿಷ, ಆಮೇಲೆ ಐದು, ಹತ್ತು, ಅರ್ಧ ಗಂಟೆ. ಹಳೆಯ ಮೊಬೈಲೊಂದನ್ನು ಕ್ಯಾಮೆರಾ ಮಾಡಿಟ್ಟು ನೋಡಿ. ಒಂಟಿತನದ ಗಾಬರಿ ಇರುವ ನಾಯಿ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯಲ್ಲೇ ಅದನ್ನು ತೋರಿಸುತ್ತದೆ.

ಬಾಲ್ಕನಿಗೆ ಬಲೆ ಹಾಕಿಸುವ ಕೆಲಸ ನಾಯಿ ಬರುವ ಮುನ್ನವೇ ಮುಗಿಯಲಿ. ರೇಬೀಸ್ ಲಸಿಕೆ ಪ್ರತಿವರ್ಷ, ಇಲಿಜ್ವರದ ಲಸಿಕೆ ಮಳೆಗಾಲಕ್ಕೆ ಮುಂಚೆ. ಬೆಂಗಳೂರಿನಲ್ಲಿ ರಕ್ತ ಹೀರುವ ಉಣುಗಿನಿಂದ (ಟಿಕ್) ಬರುವ ಜ್ವರ ವರ್ಷವಿಡೀ ಇರುತ್ತದೆ, ಆದ್ದರಿಂದ ಉಣುಗು ತಡೆಯುವ ಮಾತ್ರೆಯನ್ನು ಯಾವ ತಿಂಗಳೂ ತಪ್ಪಿಸಬೇಡಿ.

ಇಷ್ಟಾದರೂ ಮರಿಯೇ ಬೇಕೆನಿಸಿದರೆ, ಎರಡು ತಿಂಗಳು ಪೂರ್ಣ ರಜೆ ಹಾಕಬಲ್ಲವರು ಮನೆಯಲ್ಲಿರಲಿ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ತಾಯಿ ನಾಯಿಯನ್ನು ತೋರಿಸಲು ಒಪ್ಪದವರಿಂದ ಮರಿ ಕೊಳ್ಳಬೇಡಿ.

ಪ್ರಶ್ನೆ: ಹತ್ತು ಕಿಲೋಗಿಂತ ದೊಡ್ಡ ನಾಯಿ ಸಾಕುವಂತಿಲ್ಲ, ಸಾಕಿದರೂ ಲಿಫ್ಟ್ ಬಳಸುವಂತಿಲ್ಲ ಎಂದು ನಮ್ಮ ಅಪಾರ್ಟ್‌ಮೆಂಟಿನ ಸಂಘ ನಿರ್ಣಯ ಮಾಡಿದೆ. ಬಹುಮತದ ನಿರ್ಣಯವಾದ್ದರಿಂದ ಒಪ್ಪಲೇಬೇಕೆ?

ಉತ್ತರ: ಒಪ್ಪಬೇಕಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಗಳು ಇದನ್ನು ಸ್ಪಷ್ಟವಾಗಿ ಹೇಳಿವೆ: ಬಹುಮತವಿದ್ದರೂ ಸಾಕುಪ್ರಾಣಿಗಳನ್ನು ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ, ಗಾತ್ರ, ತಳಿ ನೋಡಿ ಭೇದ ಮಾಡುವಂತಿಲ್ಲ, ಲಿಫ್ಟನ್ನು ನಿರಾಕರಿಸುವಂತಿಲ್ಲ. ಮಾರ್ಗಸೂಚಿಯ ಪ್ರತಿಯನ್ನು ಲಗತ್ತಿಸಿ ಕಾರ್ಯದರ್ಶಿಗೆ ಲಿಖಿತವಾಗಿ ಕೊಡಿ. ಜೊತೆಗೆ ಲಸಿಕೆಯ ಪುಸ್ತಕ, ಪಾಲಿಕೆಯ ಪರವಾನಗಿಗಳ ಪ್ರತಿಯನ್ನೂ ಇಡಿ. ಗಿಡ್ಡ ಪಟ್ಟಿ ಹಿಡಿದು ನಡೆಸುವುದು, ಮಲವನ್ನು ಎತ್ತುವುದು, ನಾಯಿಗೆ ಹೆದರುವ ಮಗುವೋ ವೃದ್ಧರೋ ಲಿಫ್ಟಿನಲ್ಲಿದ್ದರೆ ಮುಂದಿನದಕ್ಕೆ ಕಾಯುವುದು ನಿಮ್ಮ ಪಾಲಿನ ಕರ್ತವ್ಯ. ಎಷ್ಟೋ ನಿರ್ಣಯಗಳು ಹುಟ್ಟುವುದು ನಾಯಿಯಿಂದಲ್ಲ, ಎತ್ತದೆ ಬಿಟ್ಟುಹೋದ ಮಲದಿಂದ.

ಪ್ರಶ್ನೆ: ನಾವು ಕಚೇರಿಗೆ ಹೋದ ಮೇಲೆ ನಮ್ಮ ನಾಲ್ಕು ವರ್ಷದ ನಾಯಿ ಇಡೀ ದಿನ ಅಳುತ್ತದಂತೆ. ಜೊತೆಗೆ ಇನ್ನೊಂದು ನಾಯಿ ತಂದರೆ ಸರಿಹೋಗುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಅದು ಹುಡುಕುವುದು ನಿಮ್ಮನ್ನು, ಇನ್ನೊಂದು ನಾಯಿಯನ್ನಲ್ಲ. ಎರಡನೆಯದೂ ಮೊದಲನೆಯದರಿಂದ ಅಳು ಕಲಿತರೆ ಕಷ್ಟ ಇಮ್ಮಡಿ. ಮೊದಲು ಪಶುವೈದ್ಯರಿಗೆ ತೋರಿಸಿ, ನೋವಿನ ಕಾಯಿಲೆ ಏನೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಮೇಲೆ ಹೇಳಿದ ಒಂಟಿತನದ ಅಭ್ಯಾಸವನ್ನು ಒಂದು ನಿಮಿಷದಿಂದ ಹೊಸದಾಗಿ ಆರಂಭಿಸಿ. ಅಭ್ಯಾಸ ನಡೆಯುವಷ್ಟು ವಾರ ಅದನ್ನು ದೀರ್ಘ ಹೊತ್ತು ಒಂಟಿಯಾಗಿ ಬಿಡದೆ ಡೇಕೇರ್‌ನಲ್ಲೋ ಬಂಧುಗಳ ಮನೆಯಲ್ಲೋ ಇರಿಸಿ. ಗಾಬರಿ ತೀವ್ರವಾಗಿದ್ದರೆ ಫ್ಲುಯೊಕ್ಸೆಟಿನ್, ಕ್ಲೊಮಿಪ್ರಮಿನ್‌ನಂಥ ಔಷಧಗಳು ನೆರವಾಗುತ್ತವೆ. ಅವು ಪರಿಣಾಮ ತೋರಲು ಕೆಲವು ವಾರ ಹಿಡಿಯುತ್ತದೆ, ವೈದ್ಯರು ತೂಕ ನೋಡಿ ಬರೆದುಕೊಟ್ಟ ಪ್ರಮಾಣದಲ್ಲೇ ಕೊಡಬೇಕು, ನಿಲ್ಲಿಸುವಾಗಲೂ ಅವರ ಸೂಚನೆಯಂತೆ ನಿಧಾನವಾಗಿ ಇಳಿಸಬೇಕು. ಬೊಗಳಿದರೆ ಶಾಕ್ ಕೊಡುವ ಪಟ್ಟಿಯನ್ನು ಆನ್‌ಲೈನ್ ಅಂಗಡಿಗಳಲ್ಲಿ ಮಾರುತ್ತಾರೆ. ಹೆದರಿ ಅಳುತ್ತಿರುವ ಪ್ರಾಣಿಗೆ ಅದನ್ನು ಕಟ್ಟಬೇಡಿ. ಕಟ್ಟಿದ್ದರೆ ಇಂದೇ ಬಿಚ್ಚಿ.