ಎರಡು ಸೆಂಟಿಮೀಟರ್ ಗಡ್ಡೆಗೆ ಕೊಯ್ಲು ಮುಗಿಯುವವರೆಗೆ ಕಾಯಬಹುದಾ?

ಅಪ್ಪನಿಗೆ ಲಿವರ್ ಕ್ಯಾನ್ಸರ್, ಗಡ್ಡೆ ಎರಡೇ ಸೆಂಟಿಮೀಟರ್, ಸಣ್ಣದು ನಿಧಾನಕ್ಕೆ ಬೆಳೆಯುತ್ತದಂತೆ, ಕಾಫಿ ಕೊಯ್ಲು ಮುಗಿಸಿಕೊಂಡೇ ಹೋಗಬಹುದಾ ಅಂತ ಕೇಳಿದ್ದೀರಿ. ಬೇಡ. ಇದೇ ಲೆಕ್ಕ ಹಾಕಿ ಅಣ್ಣನನ್ನು ಕಳೆದುಕೊಂಡ ಮನೆ ನಮ್ಮದು.

ಮಡಿಕೇರಿ ಹತ್ತಿರ ನಮಗೆ ಸಣ್ಣ ತೋಟವಿದೆ. ಅಣ್ಣನಿಗೆ ಹೆಪಟೈಟಿಸ್ ಬಿ ಅನ್ನುವ ವೈರಸ್ ಸೋಂಕಿನಿಂದ ಸಿರೋಸಿಸ್ ಆಗಿತ್ತು, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗಿತ್ತು. ಮಳೆಗಾಲದಲ್ಲಿ ಗಡ್ಡೆ ಸಿಕ್ಕಿದಾಗ 2 ಸೆಂ.ಮೀ. ಇತ್ತು. ಸೂಜಿ ಹಾಕಿ ಸುಟ್ಟುಬಿಡೋಣ ಅಂದರು ಮೈಸೂರಿನ ಡಾಕ್ಟರು. ಇವನಿಗೆ ನೋವಿಲ್ಲ, ಸುಸ್ತಿಲ್ಲ, ದಿನಾ ತೋಟ ಸುತ್ತುತ್ತಿದ್ದ, ಕೊಯ್ಲು ಮುಗಿಯಲಿ ಅಂತ ಮುಂದೂಡಿದ. ಹುತ್ತರಿ (ನವೆಂಬರ್-ಡಿಸೆಂಬರಿನ ನಮ್ಮ ಸುಗ್ಗಿ ಹಬ್ಬ) ಹೊತ್ತಿಗೆ ಮತ್ತೆ ಸ್ಕ್ಯಾನ್ ಮಾಡಿಸಿದರೆ 2.5. ರಿಪೋರ್ಟಿನ ಹಿಂದೆ ಪೆನ್ನಿನಲ್ಲಿ 0.5 ಅಂತ ಬರೆದು, ಅಡಿಗೆರೆ ಎಳೆದು, "ಇಷ್ಟೇ ಅಲ್ವಾ" ಅಂದ. ನಾವೂ ಹೌದು ಅಂದೆವು.

ನಾವು ಎಡವಿದ್ದು ಅಲ್ಲೇ. ಗಡ್ಡೆ ಗೆರೆಯಲ್ಲ, ಉಂಡೆ. ಅಗಲ, ಉದ್ದ, ದಪ್ಪ ಮೂರೂ ಕಡೆ ಬೆಳೆಯುತ್ತದೆ. ಎರಡನ್ನು ಮೂರು ಸಲ ಗುಣಿಸಿದರೆ 8, ಎರಡೂವರೆಯನ್ನು ಮೂರು ಸಲ ಗುಣಿಸಿದರೆ 15ಕ್ಕೂ ಮೇಲೆ. ಅಂದರೆ ಆ ಅರ್ಧ ಸೆಂಟಿಮೀಟರಿನಲ್ಲಿ ಕ್ಯಾನ್ಸರ್ ಹೆಚ್ಚುಕಮ್ಮಿ ಇಮ್ಮಡಿಯಾಗಿತ್ತು. ರಿಪೋರ್ಟಿನಲ್ಲಿ ಅಡ್ಡಳತೆ ಮಾತ್ರ ಇರುತ್ತದೆ, ಗಾತ್ರದ ಲೆಕ್ಕವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನೀವೇ ಕೇಳಿ. ಅಡ್ಡಳತೆ ಕಾಲು ಭಾಗ ಹೆಚ್ಚಿದರೆ ಗಡ್ಡೆ ದುಪ್ಪಟ್ಟು, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈ ಕ್ಯಾನ್ಸರ್ ಇಮ್ಮಡಿಯಾಗಲು ಸರಾಸರಿ ನಾಲ್ಕರಿಂದ ಆರು ತಿಂಗಳು ಬೇಕು. ಆದರೆ ಕೆಲವರಲ್ಲಿ ಒಂದೆರಡು ತಿಂಗಳು ಸಾಕು, ಕೆಲವರಲ್ಲಿ ವರ್ಷವಾದರೂ ಅಲುಗದು. ನಿಮ್ಮ ಅಪ್ಪನದು ಯಾವ ಬಗೆ ಅನ್ನುವುದು ಕಾದ ಮೇಲೇ ಗೊತ್ತಾಗುವುದು. ಹಾಗಾಗಿ "ಎಷ್ಟು ಬೇಗ ಬೆಳೆಯುತ್ತದೆ" ಅನ್ನುವ ಪ್ರಶ್ನೆಯೇ ನಿಮಗೆ ಉಪಯೋಗವಿಲ್ಲ. ಚಿಕಿತ್ಸೆಗೆ ಯಾವ ದಿನ ಕೊಡುತ್ತೀರಿ ಅಂತ ಡಾಕ್ಟರನ್ನು ಕೇಳಿ.

ರೊಬಸ್ಟಾ ಕಾಫಿ ಕೊಯ್ಲು ಮುಗಿಸಿ ಹೋದಾಗ ಅಣ್ಣನ ಗಡ್ಡೆ 3.4, ಪಕ್ಕದಲ್ಲಿ ಇನ್ನೆರಡು ಮರಿಗಳು. ಸುಡುವ ಚಿಕಿತ್ಸೆ ಚೆನ್ನಾಗಿ ಹಿಡಿಯುವುದು ಮೂರು ಸೆಂಟಿಮೀಟರಿನೊಳಗೆ. ಲಿವರ್ ಕಸಿಗೆ 1996ರಿಂದ ನಡೆದುಬಂದ ಮಿಲಾನ್ ಅಳತೆಯೂ ಅಷ್ಟೇ ಕಟ್ಟುನಿಟ್ಟು: ಒಂದೇ ಗಡ್ಡೆಯಾದರೆ ಐದು ಸೆಂಟಿಮೀಟರಿನವರೆಗೆ, ಎರಡು ಮೂರಿದ್ದರೆ ಒಂದೊಂದೂ ಮೂರರೊಳಗೆ. ಎರಡೂ ಬಾಗಿಲು ಮುಚ್ಚಿದ್ದವು. ಗಡ್ಡೆಗೆ ಹೋಗುವ ರಕ್ತನಾಳದ ಮೂಲಕ ಔಷಧಿ ಬಿಟ್ಟರು, ಅದು ಸ್ವಲ್ಪ ಕಾಲ ತಡೆಯಿತು.

ಯಾವ ಚಿಕಿತ್ಸೆ ಅನ್ನುವುದು, ಅಪ್ಪನಿಗೂ ಸಿರೋಸಿಸ್ ಇದ್ದರೆ, ಅದು ಎಷ್ಟು ಮುಂದುವರಿದಿದೆ ಅನ್ನುವುದರ ಮೇಲೂ ನಿಂತಿದೆ, ಅದನ್ನು ಡಾಕ್ಟರೇ ಹೇಳಬೇಕು. ಕೊಯ್ಲನ್ನು ಗುತ್ತಿಗೆಗೆ ಕೊಡಿ, ನೆಂಟರಿಗೆ ವಹಿಸಿ. ಹಣ್ಣು ಉದುರಿದರೆ ಉದುರಲಿ, ನೆಲದಿಂದ ಹೆಕ್ಕಿಸಬಹುದು. ಹೋಗುವಾಗ ರಿಪೋರ್ಟಿನ ಜೊತೆ ಹಳೆಯ ಸ್ಕ್ಯಾನಿನ ಸಿಡಿಯನ್ನೂ ಒಯ್ಯಿರಿ, ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಅಪ್ಪನಿಗೂ ಹೆಪಟೈಟಿಸ್ ಬಿ ಇದ್ದರೆ ನೀವು, ನಿಮ್ಮ ಒಡಹುಟ್ಟಿದವರು ಎಲ್ಲರೂ ಇದೇ ವಾರ ರಕ್ತ ಪರೀಕ್ಷೆ ಮಾಡಿಸಿ.