ಗಾವುದ ಅಳೆದವರು ಯಾರು?

ಪ್ರಿಯರೇ,

ನಿಮ್ಮ ಮಂಜುನಾಡಿನ ಕಾದಂಬರಿಗೆ, ಆ ನಾಡನ್ನು ವಿವರಿಸುವ ಜೊತೆಪುಸ್ತಕವೆಂದು ಕಳಿಸಿದ 140 ಪುಟಗಳನ್ನೂ ಓದಿದೆ. ಭಾಷೆ ಶುದ್ಧವಾಗಿದೆ, ನಕ್ಷೆ ಚೆನ್ನಾಗಿದೆ. ಹನ್ನೆರಡು ಗೊರಸಿಗೆ ಒಂದು ಕುದುರೆ ಎಂಬ ನಾಣ್ಯದ ಲೆಕ್ಕ ನಗಿಸಿತು. 17ನೇ ಪುಟದಲ್ಲಿ ಸಿಟ್ಟು ಬಂತು. ಅದು ಆರುವ ಮೊದಲೇ ಬರೆಯುತ್ತಿದ್ದೇನೆ.

'ಮಂಜುನಾಡಿನ ಉದ್ದ ನೂರ ಎಂಬತ್ತು ಗಾವುದ.' ಅಳೆದವರು ಯಾರು? ಕಾದಂಬರಿಯಲ್ಲಿ ಉತ್ತರದ ಕಣಿವೆಗೆ ಹೋದ ಒಬ್ಬರೂ ವಾಪಸು ಬಂದಿಲ್ಲ. 'ಜನರು ಶಾಂತಿಪ್ರಿಯರು.' ಹಾಗೆಂದವನು ಅರಮನೆಯವನೋ, ಕಂದಾಯ ಕಟ್ಟಲಾರದೆ ರಾತ್ರೋರಾತ್ರಿ ಊರು ಬಿಟ್ಟವನೋ? 'ಈ ಪದ್ಧತಿ ಪ್ರಾಚೀನ ಕಾಲದಿಂದಲೂ ನಡೆದುಬಂದಿದೆ.' ಏಳನೇ ಕ್ಲಾಸಿನ ಸಮಾಜ ಪಾಠ! ಬರೆಯುವವನಿಗೂ ಆ ನಾಡಿನಲ್ಲೇ ಒಂದು ಮನೆ, ಒಂದಿಷ್ಟು ಸಾಲ ಇರಬೇಡವೇ? 2001ರಲ್ಲಿ ರೌಲಿಂಗ್ ತಮ್ಮ ಮಾಯಾಲೋಕದ ಪ್ರಾಣಿಗಳ ಪುಸ್ತಕ ತಂದಾಗ, ಅದು ಹ್ಯಾರಿ ಪಾಟರನ ಸ್ವಂತ ಪಠ್ಯಪುಸ್ತಕವೇ ಎಂಬಂತೆ ಅಚ್ಚು ಹಾಕಿಸಿದರು. ಅಂಚಿನಲ್ಲಿ ಅವನದೂ ರಾನ್‌ನದೂ ಗೀಚು. ನನಗೆ ಪ್ರಾಣಿಗಳು ಮರೆತಿವೆ, ಗೀಚು ಮರೆತಿಲ್ಲ.

ಮುಂದಿನ ಪುಟ ಇನ್ನೂ ಕಷ್ಟ. 'ಕೆರೆಯ ನಡುವಿನ ದೀಪ ವಾಸ್ತವವಾಗಿ ರಾಣಿಯ ಆತ್ಮ.' ಯಾಕೆ ಹೇಳಿದಿರಿ? ಆ ದೀಪ ಕಂಡೊಡನೆ ಅಂಬಿಗ ಹುಟ್ಟು ಎತ್ತಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಾನಲ್ಲ, ಕಾದಂಬರಿಯಲ್ಲಿ ನಾನು ಎರಡು ಸಲ ಓದಿದ ಜಾಗ ಅದೊಂದೇ. ನಿಮ್ಮ 'ವಾಸ್ತವವಾಗಿ' ಅದಕ್ಕೆ ನೀರು ಸುರಿಯಿತು.

ನಾನೇನು ಕಡಿಮೆಯಿರಲಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೆ. ಅಚ್ಚಿನ ಮೊಳೆ ಜೋಡಿಸುವವರ ಮಸಿಬೆರಳು ಪ್ರತಿ ಹಾಳೆಯ ಮೂಲೆಯಲ್ಲೂ ಇರುತ್ತಿತ್ತು. ಬಿಡುವಿನಲ್ಲಿ ಇಲ್ಲದ ರಾಜ್ಯವೊಂದಕ್ಕೆ ಒಂಬತ್ತು ತಲೆಮಾರಿನ ವಂಶಾವಳಿ ಬರೆದು ಹಿರಿಯರೊಬ್ಬರಿಗೆ ತೋರಿಸಿದೆ. "ಇಷ್ಟು ಜನರಲ್ಲಿ ಒಬ್ಬನಿಗಾದರೂ ಹಲ್ಲುನೋವು ಬಂದಿತ್ತೇನಯ್ಯ?" ಎಂದರು. ಆ ಭಾನುವಾರ ಬಸ್ಸು ಹತ್ತಿಸಿ ಬೆಂಗಳೂರಿನ ಬೇಗೂರಿಗೆ ಕರೆದೊಯ್ದರು. ನಾಗೇಶ್ವರ ಗುಡಿಯಲ್ಲಿ ಸುಮಾರು 890ರ ಶಾಸನದ ಕಲ್ಲು: ಬೆಂಗಳೂರ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ. ಯಾರ ಮೇಲೆ ಕಾಳಗ, ಗೆದ್ದವರು ಯಾರು, ಒಂದೂ ಇಲ್ಲ. ಅವರು ನೆರಳಲ್ಲಿ ಕೂತು ಕಡಲೆಕಾಯಿ ಬಿಡಿಸಿದರು. ವಾಪಸು ಬರುವ ಬಸ್ಸಿನಲ್ಲಿ ನಾನು ಆ ಅಪ್ಪನನ್ನೇ ಯೋಚಿಸುತ್ತಿದ್ದೆ. ವಂಶಾವಳಿ ಮರುದಿನ ಬಚ್ಚಲೊಲೆಗೆ ಹೋಯಿತು.

ನಿಮ್ಮದನ್ನು ಒಲೆಗೆ ಹಾಕಬೇಡಿ. 63ನೇ ಪುಟದಲ್ಲಿ ಸುಂಕದ ಕಟ್ಟೆಯ ಗುಮಾಸ್ತನೊಬ್ಬ ಉಪ್ಪಿನ ಮೂಟೆ ಎಣಿಸುವಾಗ ಒಂದನ್ನು ಬಿಟ್ಟೇ ಎಣಿಸುತ್ತಾನೆ. ಅವನಿಗೆ ಎರಡೇ ಸಾಲು ಕೊಟ್ಟಿದ್ದೀರಿ, ಅನ್ಯಾಯ. ಇಡೀ ಪುಸ್ತಕ ಅವನ ಕೈಯಲ್ಲೇ ಬರೆಸಿ. ದೀಪದ ಮಾತು ಬಂದಾಗ ಅವನು ಹೆದರಿ ಉಪ್ಪಿನ ಲೆಕ್ಕಕ್ಕೆ ತಿರುಗಲಿ. ನಕ್ಷೆ ಮತ್ತೆ ಕಳಿಸಬೇಡಿ, ನನ್ನ ಹತ್ತಿರ ಇದೆ.