ಬಾವುಟ ಕಟ್ಟದ ಮನೆ

ಓದುಗರ ಪತ್ರ: ರಾಷ್ಟ್ರೀಯ ದಿನದಂದು ನಮ್ಮ ಬೀದಿಯಲ್ಲಿ ಎಲ್ಲರೂ ಬಾವುಟ ಕಟ್ಟಿದ್ದರು, ಒಂದು ಮನೆಯವರನ್ನು ಬಿಟ್ಟು. ಇಂಥವರಿಗೆ ದೇಶದ ಮೇಲೆ ಅಭಿಮಾನ ಇದೆ ಅಂತ ಹೇಗೆ ನಂಬುವುದು?

ಸಂಪಾದಕರ ಉತ್ತರ: ನಿಮ್ಮ ಅಕ್ಷರ ಮುದ್ದಾಗಿದೆ, ಸಿಟ್ಟೂ ಪ್ರಾಮಾಣಿಕವಾಗಿದೆ. ಬಾವುಟ ಮೇಲೇರುವಾಗ ಮೈ ಜುಮ್ಮೆನ್ನುವುದು ನನಗೂ ಗೊತ್ತು. ಅದನ್ನು ಅಣಕಿಸುವವರ ಪೈಕಿ ನಾನಲ್ಲ. ಆದರೆ ನೀವು ಬೀದಿಯ ಮನೆಗಳನ್ನು ಎಣಿಸುತ್ತಾ ಹೋದಿರಲ್ಲ, ಅದೇ ನನಗೆ ಇರುಸುಮುರುಸು.

ನನಗೆ ಗೊತ್ತಿರುವ ಒಬ್ಬ ಅಜ್ಜಿ ಇದ್ದಾರೆ. ಮಗ ಸೈನ್ಯದಲ್ಲಿದ್ದ. ಅವನ ಶವಪೆಟ್ಟಿಗೆಗೆ ಹೊದಿಸಿದ್ದ ಬಾವುಟವನ್ನು ಮಡಿಸಿ ಇವರ ಕೈಗೆ ಕೊಟ್ಟಿದ್ದರು. ಅದೀಗ ಟ್ರಂಕಿನ ತಳದಲ್ಲಿ, ಅವನ ಸ್ವೆಟರಿನ ಕೆಳಗೆ, ನುಸಿಗುಳಿಗೆಯ ವಾಸನೆ ಹಿಡಿದು ಮಲಗಿದೆ. ವರ್ಷಕ್ಕೊಮ್ಮೆ ಗುಳಿಗೆ ಬದಲಿಸುತ್ತಾರೆ. ಬಾವುಟ ಮಾತ್ರ ಬಿಚ್ಚುವುದಿಲ್ಲ. ಮತ್ತೆ ಹಾಗೇ ಮಡಿಸಲು ಬರದಿದ್ದರೆ ಅನ್ನುವ ಭಯ. ಅವರ ಬಾಗಿಲಲ್ಲಿ ಬಾವುಟ ಕಂಡವರಿಲ್ಲ. ನಿಮ್ಮ ಎಣಿಕೆಯಲ್ಲಿ ಅವರು ಎಲ್ಲಿ ಬರುತ್ತಾರೆ?

ಡೆನ್ಮಾರ್ಕಿನವರು ಹುಟ್ಟುಹಬ್ಬದ ಕೇಕಿಗೂ ಪುಟ್ಟ ಬಾವುಟ ಸಿಕ್ಕಿಸುತ್ತಾರೆ. ಅವರಿಗದು ಮನೆಯ ಸಂಭ್ರಮ, ಅಷ್ಟೇ. ಜರ್ಮನ್ನರು ಹಿಟ್ಲರನ ಕಾಲ ನೆನೆದು ದಶಕಗಟ್ಟಲೆ ಬಾವುಟ ಬೀಸಲು ಹಿಂಜರಿದರು. 2006ರ ಫುಟ್‌ಬಾಲ್ ವಿಶ್ವಕಪ್ ತಮ್ಮಲ್ಲೇ ನಡೆದಾಗ ಕಾರಿಗೂ ಬಾಲ್ಕನಿಗೂ ಕಟ್ಟಿದರು. ಅದಕ್ಕೂ ಮುಂಚೆ ಅವರಿಗೆ ದೇಶಪ್ರೇಮ ಇರಲಿಲ್ಲ ಅಂತೀರಾ?

ಅಮೆರಿಕದ ಕಥೆಯಂತೂ ಇನ್ನೂ ಚೆಂದ. ಯೆಹೋವನ ಸಾಕ್ಷಿಗಳು ಎಂಬ ಪಂಥದ ಮಕ್ಕಳು ಶಾಲೆಯಲ್ಲಿ ಬಾವುಟಕ್ಕೆ ವಂದನೆ ಮಾಡಲಿಲ್ಲ. ದೇವರಿಗೆ ಬಿಟ್ಟು ಬೇರೆ ಯಾವುದಕ್ಕೂ ಆ ಗೌರವ ಸಲ್ಲದು ಅನ್ನುವುದು ಅವರ ನಂಬಿಕೆ. 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶಾಲೆಯ ಪರ ನಿಂತಿತು. ಮೂರೇ ವರ್ಷದಲ್ಲಿ, ಅದೂ ಮಹಾಯುದ್ಧದ ನಡುವೆ, ತನ್ನ ಮಾತನ್ನು ತಾನೇ ತಿದ್ದಿಕೊಂಡಿತು: ಮಕ್ಕಳನ್ನು ಒತ್ತಾಯಿಸುವಂತಿಲ್ಲ. ತೀರ್ಪು ಬಂದದ್ದು 1943ರ ಜೂನ್ 14ಕ್ಕೆ. ಅದು ಅಲ್ಲಿನ ಧ್ವಜ ದಿನ!

ಈಗೀಗ ಎಲ್ಲದಕ್ಕೂ ಹಾಜರಿ ಪುಸ್ತಕ ಬಂದಿದೆ ಸ್ವಾಮಿ. ಸಾವಿನ ಮನೆಯಿಂದಲೂ ಸ್ಟೇಟಸ್ ಹಾಕಬೇಕು, ಇಲ್ಲದಿದ್ದರೆ ದುಃಖವೇ ಆಗಿಲ್ಲ ಅಂತ ಲೆಕ್ಕ. ದೇಶಪ್ರೇಮಕ್ಕೂ ಸೆಲ್ಫಿ ಬೇಕು. ಮರುದಿನ ಚರಂಡಿ ಪಕ್ಕ ಬಿದ್ದ ಪ್ಲಾಸ್ಟಿಕ್ ಬಾವುಟ ಹೆಕ್ಕುವಾಗ ಮಾತ್ರ ಯಾರ ಫೋನೂ ಹೊರಗೆ ಬರುವುದಿಲ್ಲ, ಅಲ್ವಾ?

ಅಂದಹಾಗೆ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಮನೆಯವರನ್ನು ಒಮ್ಮೆ ಮಾತಾಡಿಸಿದ್ದು ಅದರಲ್ಲಿ ಎಲ್ಲೂ ಸಿಗಲಿಲ್ಲ.